ಒಂದು ಮಳೆಗಾಲ ತಡಿ

ಮಗೂ,

ಮೊನ್ನೆ ಭಾನುವಾರ ಅಂಗಳದಲ್ಲಿ ನಿಂತು ಮಾಡಿನ ಕಡೆ ಕೈ ತೋರಿಸುತ್ತ, "ದೊಡ್ಡಪ್ಪ, ಈ ಹಂಚೆಲ್ಲ ಇಳಿಸಿ, ಸ್ಲ್ಯಾಬ್ ಹಾಕಿ, ಮೇಲೆ ಎರಡು ರೂಮು ಎತ್ತಿಬಿಡ್ತೀನಿ" ಅಂದೆ. ನಾನು ಆಗ ಏನೂ ಹೇಳಲಿಲ್ಲ. ಕಂಟ್ರಾಕ್ಟರು ಪಕ್ಕದಲ್ಲೇ ಇದ್ದರು. ಊರಿಗೆ ವಾಪಸು ಬರುವ ಸಂತೋಷ ನಿನ್ನ ಮುಖದಲ್ಲಿ ಎದ್ದು ಕಾಣುತ್ತಿತ್ತು. ಅದರ ಮೇಲೆ ನಾಲ್ಕು ಜನರ ಎದುರು ತಣ್ಣೀರು ಎರಚಲು ಮನಸ್ಸಾಗಲಿಲ್ಲ. ಈಗ ನಿಧಾನವಾಗಿ ಬರೆಯುತ್ತಿದ್ದೇನೆ. ನಿನ್ನ ಹೆಂಡತಿಯೂ ಓದಲಿ.

ಮನೆ ದೊಡ್ಡದಾಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ನೀವಿಬ್ಬರು, ಎರಡು ಮಕ್ಕಳು, ನಿನ್ನ ಅಪ್ಪ ಅಮ್ಮ, ಒಟ್ಟು ಆರು ಜನ. ಇರುವುದು ಎರಡು ಮಲಗುವ ಕೋಣೆ. ನಾವು ಚಿಕ್ಕವರಿದ್ದಾಗ ಹನ್ನೊಂದು ಜನ ನಡುಮನೆಯಲ್ಲಿ ಸಾಲಾಗಿ ಮಲಗುತ್ತಿದ್ದೆವು ಅಂತ ನಾನು ಹೇಳಿದರೆ ಅದು ನ್ಯಾಯವಲ್ಲ. ಆಗ ಹೆಂಗಸರಿಗೆ ಒಂದು ಸೀರೆ ಬದಲಿಸುವಷ್ಟು ಮರೆ ಇರಲಿಲ್ಲ ಅನ್ನುವುದನ್ನು ನಾವು ಗಂಡಸರು ಯಾವತ್ತೂ ಲೆಕ್ಕಕ್ಕೆ ತೆಗೆದುಕೊಳ್ಳಲೇ ಇಲ್ಲ. ಕೋಣೆಗಳು ಬೇಕು, ಬಾಗಿಲುಗಳು ಬೇಕು, ಆ ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕ ಬೇಕು. ನಾನು ಹೇಳುವುದು ಇಷ್ಟೇ: ಈ ಮನೆಯನ್ನು ಮೇಲಕ್ಕೆ ಬೆಳೆಸಬೇಡ, ಪಕ್ಕಕ್ಕೆ ಬೆಳೆಸು. ಹಳೇ ಗೋಡೆಯ ಮೇಲೆ ಹೊಸ ಭಾರ ಹೇರಬೇಡ.

ಯಾಕೆ ಅಂತ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ದೇವರ ಕೋಣೆ ಪಕ್ಕದ ಕೋಣೆ ಹತ್ತಕ್ಕೆ ಹನ್ನೆರಡು ಅಡಿ. ಅದರ ಮೇಲಿರುವುದು ಹೆಚ್ಚುಕಮ್ಮಿ 200 ಹಂಚು. ಒಂದು ಹಂಚು ಎರಡೂವರೆ ಕೆ.ಜಿ. ಅಂತ ಹಿಡಿದರೆ ಅರ್ಧ ಟನ್ ಆಯಿತು. ಪಕಾಸಿ, ರೀಪು ಸೇರಿದರೆ ಇನ್ನಷ್ಟು. ಅದೇ ಕೋಣೆಗೆ ಐದಿಂಚು ದಪ್ಪದ ಸ್ಲ್ಯಾಬ್ ಹಾಕಿದರೆ ಸ್ಲ್ಯಾಬ್ ಒಂದೇ ಮೂರೂವರೆ ಟನ್. ಅದರ ಮೇಲೆ ಗೋಡೆ, ಇನ್ನೊಂದು ಸ್ಲ್ಯಾಬ್, ನೀರಿನ ಟ್ಯಾಂಕು, ಮಂಚ, ಬೀರು, ಜನ. ಇಷ್ಟನ್ನೂ ಹೊರಬೇಕಾದದ್ದು ಯಾವುದು? ಮಣ್ಣಿನ ಗಾರೆಯಲ್ಲಿ ಕೂರಿಸಿದ ಜಂಬಿಟ್ಟಿಗೆ ಗೋಡೆ. ಆ ಗೋಡೆ ಒಂದೂವರೆ ಅಡಿ ದಪ್ಪ ಇದೆ, ನೋಡಿದರೆ ಆನೆ ಗುದ್ದಿದರೂ ಅಲುಗುವುದಿಲ್ಲ ಅನ್ನಿಸುತ್ತದೆ. ಆದರೆ ಕಲ್ಲಿಗೂ ಕಲ್ಲಿಗೂ ನಡುವೆ ಇರುವುದು ಬರೀ ಮಣ್ಣು. ಉದ್ದಕ್ಕೂ ಸಮನಾಗಿ ಹರಡಿ ನೇರ ಕೆಳಕ್ಕಿಳಿಯುವ ಭಾರವನ್ನು ಅದು ನೂರು ವರ್ಷ ಹೊರುತ್ತದೆ, ಹೊತ್ತಿದೆ. ಒಂದೇ ಕಡೆ ಬೀಳುವ ಭಾರವನ್ನೂ ಪಕ್ಕಕ್ಕೆ ತಳ್ಳುವ ಭಾರವನ್ನೂ ತಡೆಯುವುದಿಲ್ಲ.

ಹಂಚಿನ ಮಾತು ಬಂತಲ್ಲ. ಅವತ್ತು ಬಿದ್ದ ಒಂದು ಹಂಚನ್ನು ನಿನ್ನ ಮಗಳು ತಿರುಗಿಸಿ ನೋಡಿ, "ಅಜ್ಜ, ಇದು 1865ನೇ ಇಸವಿದು" ಅಂತ ಕುಣಿದಳು. ಅದು ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರುಮಾಡಿದ ಇಸವಿ. ನಮ್ಮ ಅಜ್ಜ ಈ ಮನೆ ಕಟ್ಟಿಸಿದ್ದು ಮೊದಲ ಮಹಾಯುದ್ಧಕ್ಕೆ ಒಂದೆರಡು ವರ್ಷ ಮುಂಚೆ. ಹಂಚನ್ನು ಗಾಡಿಯ ಮೇಲೆ ಹುಲ್ಲು ಹಾಸಿ, ಘಟ್ಟ ಹತ್ತಿಸಿ ತಂದದ್ದಂತೆ. ಅದರಲ್ಲಿ ಮುಕ್ಕಾಲು ಪಾಲು ಇನ್ನೂ ಚೆನ್ನಾಗಿದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡು, ಗಟ್ಟಿ ಹಂಚು ಕಂಚಿನ ಹಾಗೆ ಠಣ್ ಅನ್ನುತ್ತದೆ, ಬಿರುಕುಬಿಟ್ಟದ್ದು ಬೊದ್ದು ಸದ್ದು ಕೊಡುತ್ತದೆ. ಇಳಿಸಿದ ಹಂಚನ್ನು ಯಾರಿಗೂ ಮಾರಬೇಡ. ಹೊಸ ಕೋಣೆಗಳ ಮಾಡಿಗೆ ಅದೇ ಬೇಕಾಗುತ್ತದೆ.

ಇನ್ನು ನನ್ನ ತಪ್ಪಿನ ವಿಷಯ. ಸ್ಟೋರ್‌ರೂಮಿನ ಬಾಗಿಲ ಪಕ್ಕ ಯಾವಾಗಲೂ ಒಂದು ದೊಡ್ಡ ಕ್ಯಾಲೆಂಡರು ತೂಗುಹಾಕಿರುತ್ತದೆ, ಗಮನಿಸಿದ್ದೀಯಾ? ಅದನ್ನು ಎತ್ತಿ ನೋಡು. ನೆಲದಿಂದ ಮಾಡಿನವರೆಗೆ ಹೆಬ್ಬೆರಳು ಹೋಗುವಷ್ಟು ಬಿರುಕು ಇದೆ. ಅದನ್ನು ಮಾಡಿದವನು ನಾನು. 1987ರಲ್ಲಿ ನನ್ನ ಮದುವೆಯಾಗಿ ಮನೆಯಲ್ಲಿ ಜನ ಜಾಸ್ತಿಯಾದಾಗ ಆ ಕಡೆ ಒಂದು ಅಡುಗೆಮನೆ ಕಟ್ಟಿಸಿದೆ. ಆಗ ನಾನು ರಸ್ತೆ, ಮೋರಿ, ಶಾಲೆ ಕಟ್ಟಡಗಳ ಕೆಲಸ ಮಾಡಿಸುವ ಓವರ್‌ಸಿಯರ್. ನನಗೆ ಎಲ್ಲಾ ಗೊತ್ತು ಅನ್ನುವ ಧೈರ್ಯ. ಹೊಸ ಗೋಡೆ ಹಳೇದರ ಜೊತೆ ಒಂದಾಗಬೇಕು ಅಂತ ಹಳೇ ಗೋಡೆಯ ಕಲ್ಲು ಕಿತ್ತು, ಹಲ್ಲು ಬಿಡಿಸಿ, ಹೊಸ ಇಟ್ಟಿಗೆಯನ್ನು ಅದರೊಳಗೆ ಕಚ್ಚಿಸಿದೆ. ಸಿಮೆಂಟಿನಲ್ಲಿ ಬಿಗಿದೆ. ಕೆಲಸ ನೋಡಿ ಎಲ್ಲರೂ ಹೊಗಳಿದರು. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಗೋಡೆ ಸೀಳಿತು.

ಕಾರಣ ಆಮೇಲೆ ತಿಳಿಯಿತು. ಹಳೇ ಗೋಡೆ ಎಪ್ಪತ್ತು ವರ್ಷ ಕೂತು ಕೂತು ತನ್ನ ಕೆಳಗಿನ ಮಣ್ಣನ್ನು ಅದುಮಿ ಮುಗಿಸಿತ್ತು, ಅದು ಇನ್ನು ಕುಸಿಯುವುದಿಲ್ಲ. ಹೊಸ ಪಾಯ ಮೊದಲ ಎರಡು ಮೂರು ವರ್ಷ ಸ್ವಲ್ಪ ಸ್ವಲ್ಪ ಇಳಿಯುತ್ತಲೇ ಇರುತ್ತದೆ. ಇಳಿಯುವುದನ್ನೂ ಇಳಿಯದೇ ಇರುವುದನ್ನೂ ಒಟ್ಟಿಗೆ ಕಟ್ಟಿಹಾಕಿದ್ದೆ. ಎರಡಕ್ಕೂ ನಡುವೆ ಒಂದು ಇಂಚು ಸಂದು ಬಿಟ್ಟಿದ್ದರೆ, ಆ ಸಂದಿಗೆ ಎರಡೂ ಕಡೆಯಿಂದ ಒಂದು ಮರದ ಪಟ್ಟಿ ಮುಚ್ಚಿದ್ದರೆ, ಇವತ್ತು ಕ್ಯಾಲೆಂಡರಿನ ಅಗತ್ಯ ಇರುತ್ತಿರಲಿಲ್ಲ. ಆ ಬಿರುಕಿನಿಂದ ಮಳೆನೀರು ಒಳಗಿಳಿದು ಪಕ್ಕದಲ್ಲಿದ್ದ ನನ್ನ ಅಮ್ಮನ ಕೋಣೆ ವರ್ಷಕ್ಕೆ ನಾಲ್ಕು ತಿಂಗಳು ಥಂಡಿ ಹಿಡಿದು ಕೂತಿರುತ್ತಿತ್ತು. ಅವಳಿಗೆ ಮೊದಲೇ ಉಬ್ಬಸ. ಅವಳು ಒಂದು ದಿನವೂ ನನ್ನನ್ನು ಅನ್ನಲಿಲ್ಲ, ಹಾಸಿಗೆಯನ್ನು ಗೋಡೆಯಿಂದ ಈಚೆಗೆ ಎಳೆದುಕೊಂಡು ಮಲಗುತ್ತಿದ್ದಳು. ಅದು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಅದಕ್ಕೇ ಹೇಳುವುದು, ಹೊಸ ಕೋಣೆಗಳು ಹಳೇ ಮನೆಗೆ ತಾಗಿಯೂ ತಾಗದ ಹಾಗೆ ಇರಲಿ. ಪಾಯ ತೋಡುವಾಗ ಹಳೇ ಗೋಡೆಯ ಬುಡಕ್ಕೇ ಗುದ್ದಲಿ ಹಾಕಲು ಬಿಡಬೇಡ. ನಮ್ಮ ಮನೆ ಪಾಯ ಎರಡು ಅಡಿ ಆಳವೂ ಇಲ್ಲ. ಹೊಸದು ಅದಕ್ಕಿಂತ ಎಷ್ಟು ಆಳ ಹೋಗುತ್ತದೋ, ಕಡೇಪಕ್ಷ ಅಷ್ಟಾದರೂ ದೂರ ಸರಿದು ತೋಡಲಿ. ಅನಿವಾರ್ಯವಾಗಿ ಹತ್ತಿರ ತೋಡಬೇಕಾಗಿ ಬಂದರೆ ನಾಲ್ಕು ಅಡಿ ತೋಡಿ, ಅಷ್ಟು ಕಟ್ಟಿ ಮುಗಿಸಿ, ಆಮೇಲೆ ಮುಂದಿನ ನಾಲ್ಕು ಅಡಿ. ಜೆಸಿಬಿ ತಂದು ಒಂದೇ ಮಧ್ಯಾಹ್ನದಲ್ಲಿ ಉದ್ದಕ್ಕೂ ಬಗೆಯುವುದು ಕಂಟ್ರಾಕ್ಟರಿಗೆ ಸುಲಭ. ಗೋಡೆಗೆ ಕಾಲ ಕೆಳಗಿನ ನೆಲವೇ ಹೋದ ಹಾಗೆ. ಹೊಸ ಗೋಡೆಗೆ ಜಂಬಿಟ್ಟಿಗೆಯನ್ನೇ ಹಾಕು, ಆದರೆ ಕ್ವಾರಿಯಿಂದ ಹಸಿ ಕಲ್ಲು ತಂದು ಆ ವಾರವೇ ಕಟ್ಟಬೇಡ. ಕೆಲವು ತಿಂಗಳು ಗಾಳಿ ಬಿಸಿಲು ತಾಗಿದಷ್ಟೂ ಆ ಕಲ್ಲು ಗಟ್ಟಿಯಾಗುತ್ತದೆ. ಕಲ್ಲು ಸಿಗದಿದ್ದರೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ಆಗುತ್ತದೆ. ನಿನ್ನ ಅಜ್ಜಿ ಮೆಚ್ಚಿಕೊಂಡಿದ್ದ ಅಸ್ತ್ರ ಒಲೆ ಕೊಟ್ಟರಲ್ಲ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಆ 'ಅಸ್ತ್ರ' ಕೇಂದ್ರದವರೇ ಈ ಇಟ್ಟಿಗೆಯ ಕೆಲಸವನ್ನೂ ಮಾಡಿದವರು.

ಹೊಸದರ ಮಾಡೂ ಇಳಿಜಾರೇ ಇರಲಿ. ಹಳೇ ಮಾಡಿನ ನೀರು ಹೊಸ ಮಾಡಿನ ಮೇಲೆ ಬೀಳುವ ಮೂಲೆ ಇದೆಯಲ್ಲ, ಮನೆ ಸೋರುವುದು ಯಾವಾಗಲೂ ಅಲ್ಲೇ. ಅಲ್ಲಿ ಅಗಲವಾದ ತಗಡಿನ ದೋಣಿ ಕೂರಿಸು, ಎರಡೂ ಕಡೆಯ ಹಂಚಿನ ಕೆಳಗೆ ಅದು ಒಂದು ಮೊಳ ನುಗ್ಗಿರಲಿ. ಹಿಂದೆ ಅಡಿಕೆ ದಬ್ಬೆ ಇಡುತ್ತಿದ್ದರು, ವರ್ಷಾ ವರ್ಷಾ ಬದಲಿಸುತ್ತಿದ್ದರು. ಈಗ ಬದಲಿಸುವವರು ಯಾರಿದ್ದಾರೆ?

ಸೂರನ್ನು ಮಾತ್ರ ಕತ್ತರಿಸಬೇಡ. ಪೇಟೆ ಮನೆಯ ಹಾಗೆ ಕಾಣಲಿ ಅಂತ ಸೂರು ಕತ್ತರಿಸಿ ಪ್ಯಾರಾಪೆಟ್ ಕಟ್ಟಿದ ಎಷ್ಟೋ ಮನೆಗಳನ್ನು ನಮ್ಮ ತಾಲ್ಲೂಕಿನಲ್ಲೇ ನೋಡಿದ್ದೇನೆ. ಮೂರನೇ ವರ್ಷಕ್ಕೆ ಗೋಡೆಯೆಲ್ಲ ಹಾವಸೆ ಕಟ್ಟಿ ಕಪ್ಪಾಗಿರುತ್ತದೆ. ನಮ್ಮ ಮಳೆ ಮೇಲಿನಿಂದ ಮಾತ್ರ ಬರುವುದಿಲ್ಲ, ಅಡ್ಡಡ್ಡ ಹೊಡೆಯುತ್ತದೆ. ಮೂರು ಅಡಿ ಚಾಚಿದ ಸೂರೇ ಗೋಡೆಗೆ ಕೊಪ್ಪೆ. ಹಾಗೆಯೇ ಜಗಲಿಯನ್ನು ಮುಚ್ಚಿ ಬೆಡ್‌ರೂಮ್ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡು. ಮಳೆಗಾಲದಲ್ಲಿ ಮಕ್ಕಳು ಆಡುವುದೂ ಬಟ್ಟೆ ಒಣಗುವುದೂ ನಿನ್ನ ಅಪ್ಪ ದಿನವಿಡೀ ಕೂರುವುದೂ ಅಲ್ಲೇ.

ಗೋಡೆಯ ಕೆಳಭಾಗದಲ್ಲಿ ತೇವ ಏರಿದೆ ಅಂತ ಸಿಮೆಂಟ್ ಪ್ಲಾಸ್ಟರ್ ಬಳಿಸಲು ಹೊರಟಿದ್ದೀಯಂತೆ. ನೆಲದಿಂದ ಏರಿದ ನೀರು ಮಣ್ಣಿನ ಗಾರೆಯ ಮೂಲಕ ಆರಿಹೋಗಬೇಕು. ಸಿಮೆಂಟ್ ಅದರ ದಾರಿ ಮುಚ್ಚುತ್ತದೆ, ನೀರು ಇನ್ನೂ ಎರಡು ಅಡಿ ಮೇಲಕ್ಕೆ ಹತ್ತಿ ಅಲ್ಲಿ ಬಣ್ಣವನ್ನು ಉಬ್ಬಿಸುತ್ತದೆ. ಮೊದಲು ಹೊರಗೆ ಅಂಗಳದ ಇಳಿಜಾರು ಸರಿಮಾಡಿಸಿ ನೀರನ್ನು ಗೋಡೆಯಿಂದ ದೂರ ಹರಿಸು. ಆಮೇಲೆ ಸುಣ್ಣದ ಗಾರೆ ಮಾಡಿಸು. ಬಲ್ಲ ಕೆಲಸಗಾರರು ಕಡಿಮೆಯಾಗಿದ್ದಾರೆ, ಹುಡುಕಿ ಕರೆದುಕೊಂಡು ಬರೋಣ.

ವೈರಿಂಗ್ ಪೂರ್ತಿ ಹೊಸದು ಹಾಕಿಸು, ಇದರಲ್ಲಿ ಉಳಿತಾಯ ನೋಡಬೇಡ. ಮರದ ಪಟ್ಟಿಗೆ ಕ್ಲಿಪ್ ಹೊಡೆದ ಆ ಹಳೇ ತಂತಿ ಮೂರು ಬಲ್ಬು, ಒಂದು ರೇಡಿಯೋಗೆ ಅಂತ ಎಳೆದದ್ದು. ಅರ್ಥಿಂಗ್ ಇಲ್ಲವೇ ಇಲ್ಲ. ಗೀಜರು, ವಾಷಿಂಗ್ ಮಷಿನ್, ಪಂಪು ಎಲ್ಲ ಬರುವ ಮನೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಲೇಬೇಕು. ಮಕ್ಕಳಿರುವ ಮನೆ.

ಈಗ ಯಾರಿಗೆ ಯಾವ ಕೋಣೆ ಅನ್ನುವುದು. ಹೊಸ ಕೋಣೆ ನಿಮಗೆ, ಹಳೇದು ಅಪ್ಪ ಅಮ್ಮನಿಗೆ ಅಂತ ನೀನು ಎಣಿಸಿದ್ದೀಯ. ಅದನ್ನು ತಿರುಗಿಸು. ನಿನ್ನ ಅಮ್ಮನ ಮಂಡಿ ನೋಡಿದ್ದೀಯಲ್ಲ, ರಾತ್ರಿ ಎದ್ದರೆ ಎರಡು ಹೊಸ್ತಿಲು ದಾಟಿ, ಹಿತ್ತಿಲ ಕಟ್ಟೆ ಇಳಿದು, ಬಚ್ಚಲ ಕಡೆ ಹೋಗಬೇಕು. ಜಾರಿದರೆ ಹಿಡಿಯಲು ಒಂದು ಗೂಟವೂ ಇಲ್ಲ. ಹೊಸ ಕೋಣೆ ಅವರದಾಗಲಿ. ಅದಕ್ಕೆ ಅಂಟಿಕೊಂಡೇ ಬಚ್ಚಲು, ಮೂರು ಅಡಿ ಅಗಲದ ಬಾಗಿಲು, ಹೊಸ್ತಿಲು ಇಲ್ಲದ ನೆಲ, ಗೋಡೆಗೆ ಹಿಡಿಕೆ. ಆ ಕೋಣೆಗೆ ಹೊರಗಿನಿಂದಲೂ ಒಂದು ಬಾಗಿಲು ಇಡು. ಇನ್ನು ಹದಿನೈದು ವರ್ಷಕ್ಕೆ ನಿನ್ನ ಮಕ್ಕಳು ಓದಲು ಹೊರಡುತ್ತಾರೆ, ಆಗ ಆ ಭಾಗವನ್ನು ಯಾರಿಗಾದರೂ ಬಿಟ್ಟುಕೊಡಬಹುದು. ಇಂಗುಗುಂಡಿ ಬಾವಿಯಿಂದ 18 ಮೀಟರಿಗಿಂತ ಹತ್ತಿರ ಬರಬಾರದು. ಟೇಪು ಹಿಡಿದೇ ಅಳೆ, ಹೆಜ್ಜೆ ಎಣಿಸಿ ಅಲ್ಲ.

ಅಡುಗೆಮನೆ ಎಲ್ಲಿರಬೇಕು, ಅವಳು ಕಂಪ್ಯೂಟರ್ ಇಟ್ಟುಕೊಂಡು ಕೆಲಸ ಮಾಡುವ ಕೋಣೆ ಎಲ್ಲಿರಬೇಕು ಅನ್ನುವುದನ್ನು ನಾನೂ ಹೇಳುವುದಿಲ್ಲ, ನೀನೂ ಹೇಳಬೇಡ, ನಿನ್ನ ಹೆಂಡತಿಯನ್ನು ಕೇಳು. ಅಡುಗೆ ಕಟ್ಟೆಯ ಎತ್ತರವನ್ನು ಮೇಸ್ತ್ರಿಯ ಲೆಕ್ಕಕ್ಕೆ ಬಿಡದೆ, ಹೆಚ್ಚು ಹೊತ್ತು ಅಲ್ಲಿ ನಿಲ್ಲುವವರ ಮೊಣಕೈಗಿಂತ ನಾಲ್ಕೈದು ಇಂಚು ಕೆಳಗೆ ಗುರುತು ಹಾಕಿಸು.

ಇನ್ನೊಂದು ಮಾತನ್ನು ಹೇಳಲು ಸ್ವಲ್ಪ ಕಷ್ಟ, ಆದರೂ ಹೇಳುತ್ತೇನೆ. ಮನೆ ಇನ್ನೂ ಪಾಲಾಗಿಲ್ಲ. ನಿನ್ನ ಅಪ್ಪನ ಹೆಸರಿನ ಜೊತೆ ನನ್ನ ಹೆಸರೂ ಇದೆ, ನಿನ್ನ ಅತ್ತೆಯ ಹಕ್ಕೂ ಇದೆ. ಹೆಣ್ಣುಮಕ್ಕಳಿಗೆ ಸಮಪಾಲು ಅನ್ನುವ ತಿದ್ದುಪಡಿ ನಮ್ಮ ರಾಜ್ಯದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ. ನಾನು ಬರೆದುಕೊಡುತ್ತೇನೆ, ಅವಳೂ ಕೊಡಬಹುದು. ಆದರೆ ಅವಳ ಹತ್ತಿರ ನೀನೇ ಹೋಗಿ ಕೂತು ಕೇಳಬೇಕು. ಪಾಯ ಹಾಕಿದ ಮೇಲೆ ಫೋನಿನಲ್ಲಿ ತಿಳಿಸುವ ವಿಷಯ ಅಲ್ಲ ಇದು. ಅವಳು ಹುಟ್ಟಿದ್ದು ಇದೇ ಮನೆಯ ನಡುಕೋಣೆಯಲ್ಲಿ. ಪಂಚಾಯ್ತಿಯ ಇ-ಸ್ವತ್ತು, ಅನುಮತಿ ಎಲ್ಲ ಅದಾದ ಮೇಲೆ.

ದುಡ್ಡಿನ ವಿಷಯದಲ್ಲಿ ಇಷ್ಟೇ: ಎಸ್ಟಿಮೇಟ್ ಎಷ್ಟೇ ಬರಲಿ, ಅದರ ಕಾಲು ಭಾಗ ಬೇರೆ ತೆಗೆದಿಡು. ಹಂಚು ಬಿಚ್ಚಿದ ದಿನ ಪಕಾಸಿಯ ತುದಿ ಗೆದ್ದಲು ತಿಂದಿರುವುದು ಗೊತ್ತಾಗುತ್ತದೆ. ಬಿಚ್ಚುವ ಮೊದಲು ಗೊತ್ತಾಗುವುದಿಲ್ಲ.

ಇದಕ್ಕೆಲ್ಲ ಒಂದು ಮಳೆಗಾಲ ತಡಿ. ಜುಲೈನಲ್ಲಿ ಹದಿನೈದು ದಿನ ರಜೆ ಹಾಕಿ ಎಲ್ಲರೂ ಬನ್ನಿ. ಎಲ್ಲಿ ಸೋರುತ್ತದೆ, ಎಲ್ಲಿ ನೀರು ನಿಲ್ಲುತ್ತದೆ, ಯಾವ ಗೋಡೆ ಬೆವರುತ್ತದೆ ಎಲ್ಲ ಆಗ ಕಾಣುತ್ತದೆ. ಗಾಜಿನ ಅಂಗಡಿಯಿಂದ ಬೆರಳಗಲದ ಚೂರುಗಳನ್ನು ತಂದಿಟ್ಟಿದ್ದೇನೆ. ಪ್ರತಿ ಬಿರುಕಿಗೂ ಅಡ್ಡವಾಗಿ ಒಂದೊಂದು ಚೂರು ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆಯೋಣ. ಗೋಡೆ ಇನ್ನೂ ಅಲುಗುತ್ತಿದ್ದರೆ ಗಾಜು ಒಡೆಯುತ್ತದೆ. ದೀಪಾವಳಿಯವರೆಗೂ ಒಡೆಯದೆ ನಿಂತರೆ ಆ ಬಿರುಕು ಹಳೇದು, ಸತ್ತದ್ದು, ಗಾರೆ ತುಂಬಿ ಮುಚ್ಚಬಹುದು. ತುಳಸಿ ಪೂಜೆ ಆದ ಮೇಲೆ ಕೆಲಸ ಶುರುಮಾಡಿದರೆ ಮೇ ತಿಂಗಳೊಳಗೆ ಮಾಡು ಮುಚ್ಚಬಹುದು.

ಮೊದಲ ಗಾಜನ್ನು ಕ್ಯಾಲೆಂಡರಿನ ಹಿಂದೆ ಇಡೋಣ. ತಾರೀಖನ್ನು ನಿನ್ನ ಮಗಳ ಕೈಯಲ್ಲಿ ಬರೆಸು.