ದಶರಥನು ಹಿಂತೆಗೆದುಕೊಂಡ ಮಾತು

ನವರಾತ್ರಿಯಲ್ಲಿ ರಾಮಾಯಣ ಪಾರಾಯಣ ನಡೆಯುವ ಮನೆಗಳಲ್ಲಿ ಯುದ್ಧಕಾಂಡವು ರಾವಣವಧೆಯವರೆಗೆ ಸಾವಧಾನವಾಗಿ ಸಾಗಿ, ಅನಂತರ ಪಟ್ಟಾಭಿಷೇಕದತ್ತ ಧಾವಿಸುವುದುಂಟು. ನಡುವಣ ಚಿಕ್ಕದೊಂದು ಪ್ರಸಂಗದಲ್ಲಿ ಮನಸ್ಸು ನಿಲ್ಲುವುದು ಅಪರೂಪ. ಸ್ವರ್ಗಸ್ಥನಾದ ದಶರಥನು ವಿಮಾನದಲ್ಲಿ ಬಂದು ರಾಮನನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಅಪ್ಪಿಕೊಳ್ಳುತ್ತಾನೆ. ಮಗನನ್ನು ಕಾಡಿಗಟ್ಟಲು ಕೈಕೇಯಿ ಆಡಿದ ಮಾತುಗಳು ತನ್ನ ಎದೆಯಲ್ಲಿ ಇನ್ನೂ ಉಳಿದಿವೆಯೆನ್ನುತ್ತಾನೆ. ಸ್ವರ್ಗವೂ ಅವನ್ನು ಅಳಿಸಿರಲಿಲ್ಲ!

ಆಗ ರಾಮನು ಕೈಮುಗಿದು ಬೇಡುವುದು ಒಂದನ್ನೇ: ಕೈಕೇಯಿಯನ್ನು ಮಗನೊಡನೆ ತ್ಯಜಿಸಿದೆನೆಂದು ಹಿಂದೆ ನುಡಿದ ಘೋರವಾಕ್ಯವು ಅವರಿಬ್ಬರನ್ನೂ ತಟ್ಟದಿರಲಿ.

ಈ ಬೇಡಿಕೆಯ ಬೆಲೆ ತಿಳಿಯಲು ಅಯೋಧ್ಯಾಕಾಂಡಕ್ಕೆ ಮರಳಬೇಕು. ತಂದೆ ಹಾಗೆ ನುಡಿದಾಗ ಭರತನು ಊರಿನಲ್ಲೇ ಇರಲಿಲ್ಲ, ಅಜ್ಜನ ಮನೆಯಲ್ಲಿದ್ದನು. ಏನನ್ನೂ ಅರಿಯದ ಮಗನನ್ನು ತೊರೆದ ತಂದೆ, ಅವನ ಮುಖ ನೋಡದೆಯೇ ಮಡಿದನು. ಹಿಂದಿರುಗಿದ ಭರತನಿಗೆ ತಾಯಿಯೇ ಶತ್ರುವಾದಳು. ಭರದ್ವಾಜರಿಗೆ ತಾಯಂದಿರ ಪರಿಚಯ ಮಾಡಿಕೊಡುವಾಗ, ನಾಚಿ ನಿಂತಿದ್ದ ಕೈಕೇಯಿಯನ್ನು ಅವನು ಹಳಿದ ಪರಿ ಬಲು ಕಠೋರ. ಅವನ ಕೋಪಕ್ಕೆ ನ್ಯಾಯವಾದ ಕಾರಣವಿತ್ತು. ಆದುದರಿಂದಲೇ ಅದು ಸುಲಭವಾಗಿ ಆರುವಂತಹುದಲ್ಲ. ಆಕೆಯಲ್ಲಿ ದೋಷವೆಣಿಸಬೇಡವೆಂದು ಋಷಿಗಳು ಹೇಳಿದರು. ಚಿತ್ರಕೂಟದಿಂದ ಬೀಳ್ಕೊಡುವಾಗ ರಾಮನೂ, ತಾಯಿಯನ್ನು ಕಾಪಾಡು, ಅವಳ ಮೇಲೆ ರೋಷ ಬೇಡ ಎಂದು ತನ್ನ ಮೇಲೆಯೂ ಸೀತೆಯ ಮೇಲೆಯೂ ಆಣೆಯಿಟ್ಟನು. ಮೊದಲು ಹೇಳಿದುದು ಕಾಪಾಡು ಎಂದು, ಗಮನಿಸಬೇಕು. ಮನಸ್ಸು ತಿಳಿಯಾಗುವವರೆಗೆ ಕಾಯದೆ ಕೈ ಮಾಡಬಹುದಾದ ಕೆಲಸವದು.

ಮಹಾನಗರದ ನಮ್ಮ ಮನೆಗಳಲ್ಲಿ ಮುನಿಸಿಗೆ ಸಿಂಹಾಸನ ಬೇಕಿಲ್ಲ. ಮಕ್ಕಳು ತಾವೇ ಗೊತ್ತುಮಾಡಿಕೊಂಡ ಮದುವೆ, ಊರಿನ ಮನೆಯ ಮಾರಾಟ, ಮುಪ್ಪಿನ ತಾಯಿ ಯಾರ ಬಳಿ ಇರಬೇಕೆಂಬ ಚರ್ಚೆ ಸಾಕು. ನನ್ನ ಮದುವೆಯ ಕಾಲದಲ್ಲಿ ತಂದೆಯವರಾಡಿದ ಒಂದು ಮಾತಿಗಾಗಿ ನಾನು ಮೂರು ದೀಪಾವಳಿಗೆ ಊರಿಗೆ ಹೋಗಲಿಲ್ಲ. ಅಕ್ಕ ಎರಡು ಬಾರಿ ಕಾಗದ ಬರೆದಿದ್ದಳು, ಓದಿ ಮಡಿಸಿಟ್ಟೆ. ನಾಲ್ಕನೆಯ ವರ್ಷ ಹೋದಾಗ ತಂದೆಯವರಿಗೆ ನಾಲಗೆ ಹೊರಳುತ್ತಿರಲಿಲ್ಲ. ನನ್ನ ಕೈಯನ್ನು ಹಿಡಿದುಕೊಂಡೇ ಇದ್ದರು. ಅವರು ಏನು ಹೇಳಬಯಸಿದ್ದರೋ ನಾನರಿಯೆ. ಆ ಕಾಗದಗಳಿಗೆ ಉತ್ತರವನ್ನಾದರೂ ಬರೆಯಬಹುದಾಗಿತ್ತು.

ದಶರಥನ ವಿಷಯದಲ್ಲಿ ವಾಲ್ಮೀಕಿಗಳು ಈ ಭಾಗವನ್ನು ಬೆಳೆಸುವುದಿಲ್ಲ. ತಪ್ಪು ಯಾರದೆಂದು ರಾಮನು ವಾದಿಸಲಿಲ್ಲ. ಕೈಕೇಯಿ ಪಶ್ಚಾತ್ತಾಪ ಪಟ್ಟಳೇ ಎಂದು ತಂದೆಯೂ ವಿಚಾರಿಸಲಿಲ್ಲ. ಹಾಗೆಯೇ ಆಗಲೆಂದನು. ಅಂದವನೇ ಲಕ್ಷ್ಮಣನನ್ನು ಅಪ್ಪಿಕೊಂಡು ಅವನೊಡನೆ ಮಾತಿಗೆ ತೊಡಗಿದನು.