ಷರತ್ತಿನಲ್ಲಿ ಇಲ್ಲದ ಮಾತು

1838ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ಯೇಸುಸಭೆಯ ಗುರುಗಳು ತಮ್ಮ ತೋಟಗಳಲ್ಲಿ ದುಡಿಯುತ್ತಿದ್ದ 272 ಗುಲಾಮರನ್ನು 1,15,000 ಡಾಲರಿಗೆ ಲೂಯಿಸಿಯಾನದ ಜಮೀನುದಾರರಿಗೆ ಮಾರಲು ಒಪ್ಪಂದ ಮಾಡಿಕೊಂಡರು. ಅವರಲ್ಲಿ ಅನೇಕರು ಜ್ಞಾನಸ್ನಾನ ಪಡೆದ ಕಥೋಲಿಕರು!

ಕುಟುಂಬಗಳನ್ನು ಅಗಲಿಸಬಾರದು, ಧರ್ಮಾಚರಣೆಗೆ ಅಡ್ಡಿಯಾಗಬಾರದು, ಬಂದ ಹಣದಿಂದ ಸಾಲ ತೀರಿಸಬಾರದು ಎಂದು ರೋಮಿನಲ್ಲಿದ್ದ ಸಭೆಯ ಮಹಾಶ್ರೇಷ್ಠರು ಷರತ್ತು ಹಾಕಿದ್ದರು. ಅವು ಮುರಿದುಬಿದ್ದವು. ಹಣದ ಒಂದು ಪಾಲು ಜಾರ್ಜ್‌ಟೌನ್ ಕಾಲೇಜಿನ ಸಾಲಕ್ಕೇ ಹೋಯಿತು. ಆದರೆ ಷರತ್ತುಗಳಲ್ಲೇ ಒಂದು ಮಾತಿರಲಿಲ್ಲ: ಬಿಡುಗಡೆ.

ಮರುವರ್ಷ, 1839ರಲ್ಲಿ, ಪೋಪ್ ಹದಿನಾರನೆಯ ಗ್ರೆಗೊರಿಯವರು ಗುಲಾಮರ ವ್ಯಾಪಾರವನ್ನು ಖಂಡಿಸಿದರು. ಯೇಸುಸಭೆಯವರು ಆ ಗುಲಾಮರ ವಂಶಜರ ಮುಂದೆ ನಿಂತು ಕ್ಷಮೆ ಕೇಳಿದ್ದು 2017ರಲ್ಲಿ.

ದಯೆಯ ಷರತ್ತುಗಳು ಅನ್ಯಾಯವನ್ನು ನ್ಯಾಯವಾಗಿಸಲಾರವು. ನಮ್ಮ ಕೈಕೆಳಗೆ ದುಡಿಯುವವರಿಗೆ ನಾವು ಕೊಡುತ್ತಿರುವುದು ದಯೆಯೋ, ನ್ಯಾಯವೋ? ಈ ವಾರದ ಆತ್ಮಶೋಧನೆಗೆ ಇದೊಂದೇ ಪ್ರಶ್ನೆ ಸಾಕು.