ಮಾನವನು ಕಳೆದುಕೊಂಡ ವಂಶವಾಹಿ: ‘ಸಿ’ ಜೀವಸತ್ವದ ಪೂರ್ವಕಥೆ

ಆಡು, ಹಸು, ಇಲಿ ಮೊದಲಾದ ಪ್ರಾಣಿಗಳಿಗೆ ನಿಂಬೆ, ಕಿತ್ತಳೆಗಳ ಹಂಗಿಲ್ಲ. ‘ಸಿ’ ಜೀವಸತ್ವವನ್ನು ಅವು ತಮ್ಮ ಯಕೃತ್ತಿನಲ್ಲಿಯೇ ಗ್ಲೂಕೋಸಿನಿಂದ ತಯಾರಿಸಿಕೊಳ್ಳುತ್ತವೆ. ಮಾನವನಿಗಾದರೋ ಅದು ಆಹಾರದಿಂದಲೇ ಒದಗಬೇಕು. ಒದಗದಿದ್ದಲ್ಲಿ ವಸಡುಗಳು ಊದಿ ರಕ್ತ ಒಸರುತ್ತದೆ. ಮಾಯ್ದ ಗಾಯಗಳೂ ಮತ್ತೆ ಬಾಯ್ದೆರೆಯುತ್ತವೆ. ಇದೇ ಸ್ಕರ್ವಿ ರೋಗ.

1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್, ಸ್ಕರ್ವಿಯಿಂದ ನರಳುತ್ತಿದ್ದ 12 ಮಂದಿ ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಉಪಚಾರ ನೀಡಿದನು. ಕಿತ್ತಳೆ, ನಿಂಬೆಗಳನ್ನು ತಿಂದ ಇಬ್ಬರು ಎಲ್ಲರಿಗಿಂತ ಶೀಘ್ರವಾಗಿ ಚೇತರಿಸಿಕೊಂಡರು. ಮದ್ದೇನೋ ತಿಳಿಯಿತು, ಮಾನವದೇಹದ ಕೊರತೆಯ ಮೂಲ ತಿಳಿಯಲು ಮತ್ತೆ ಸುಮಾರು ಎರಡೂವರೆ ಶತಮಾನ ಬೇಕಾಯಿತು.

ಈ ಜೀವಸತ್ವದ ತಯಾರಿಕೆಯ ಕೊನೆಯ ಹಂತಕ್ಕೆ ‘ಗುಲೋ’ ಎಂಬ ಕಿಣ್ವ ಅವಶ್ಯಕ. 1990ರ ದಶಕದಲ್ಲಿ ಜಪಾನಿನ ವಿಜ್ಞಾನಿ ನಿಶಿಕಿಮಿ ಮತ್ತು ಸಂಗಡಿಗರು, ಇಲಿಯಲ್ಲಿ ಈ ಕಿಣ್ವವನ್ನು ರೂಪಿಸುವ ವಂಶವಾಹಿಯನ್ನು ಮುಂದಿಟ್ಟುಕೊಂಡು ಮಾನವನಲ್ಲಿ ಅದರ ಜೋಡಿಯನ್ನು ಹುಡುಕಿದರು. ಅದು ದೊರೆಯಿತು! ಎಂಟನೆಯ ವರ್ಣತಂತುವಿನಲ್ಲಿ ಅದು ಇಂದಿಗೂ ಇದೆ. ಆದರೆ ಹಲವು ಭಾಗಗಳು ಕಳೆದುಹೋಗಿ, ಉಳಿದವುಗಳಲ್ಲಿಯೂ ದೋಷಗಳು ತುಂಬಿ ನಿರುಪಯುಕ್ತವಾಗಿದೆ.

ಎರಡು ಲೆಕ್ಕದ ಪುಸ್ತಕಗಳಲ್ಲಿ ಸರಿಯಾದ ಮೊತ್ತಗಳು ಹೊಂದಿಕೆಯಾದರೆ ಸೋಜಿಗವಿಲ್ಲ. ಒಂದೇ ತಪ್ಪು ಒಂದೇ ಸಾಲಿನಲ್ಲಿ ಎರಡರಲ್ಲಿಯೂ ಕಂಡುಬಂದರೆ, ಎರಡೂ ಒಂದೇ ಮೂಲದ ನಕಲುಗಳೆಂದು ಯಾವ ಲೆಕ್ಕಪರಿಶೋಧಕನಾದರೂ ಹೇಳಬಲ್ಲನು. ಮಾನವ, ಚಿಂಪಾಂಜಿ, ಒರಾಂಗುಟಾನ್ ಮತ್ತು ಮಕಾಕ್ ಕೋತಿಗಳ ಈ ವಂಶವಾಹಿಯಲ್ಲಿ ಒಂದೇ ಸ್ಥಾನದಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ. ಅಂದರೆ ಈ ನಷ್ಟವು ಸಮಾನ ಪೂರ್ವಜನಿಂದ ಬಂದ ಬಳುವಳಿ. ಗಿನಿಹಂದಿಯೂ ಇದೇ ಶಕ್ತಿಯನ್ನು ಕಳೆದುಕೊಂಡಿದೆ. ಆದರೆ ಅದರ ವಂಶವಾಹಿ ಕೆಟ್ಟ ಬಗೆಯೇ ಬೇರೆ. ಅದು ಪ್ರತ್ಯೇಕವಾಗಿ ನಡೆದ ಘಟನೆ.

ಕರ್ನಾಟಕದ ಕಾಡುಗಳಲ್ಲಿಯೂ ಕಾಣಬರುವ ಕಾಡುಪಾಪದ ಬಳಗಕ್ಕೆ ಈ ಶಕ್ತಿ ಇನ್ನೂ ಉಳಿದಿದೆ. ಆದುದರಿಂದ ಆ ಬಳಗ ಕವಲೊಡೆದ ಮೇಲೆ, ಸುಮಾರು ಆರು ಕೋಟಿ ವರ್ಷಗಳ ಹಿಂದೆ, ನಮ್ಮ ಕವಲಿನಲ್ಲಿ ಈ ನಷ್ಟ ಸಂಭವಿಸಿತೆಂದು ಊಹಿಸಲಾಗಿದೆ. ಹಣ್ಣು, ಎಲೆಗಳನ್ನೇ ಮೇಯುತ್ತಿದ್ದ ಆ ಪೂರ್ವಜರಿಗೆ ಅದು ಬಾಧಕವಾಗಿರಲಾರದು. ಪಾಲಿಷ್ ಮಾಡಿದ ಅಕ್ಕಿಯ ಅನ್ನ, ಬ್ರೆಡ್ಡು, ಚಹಾಗಳಲ್ಲಿ ದಿನ ಕಳೆಯುವ ನಗರವಾಸಿಗೆ ಹಾಗೆನ್ನುವಂತಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ಪುರುಷರಿಗೆ ದಿನಕ್ಕೆ 80 ಮಿಲಿಗ್ರಾಂ, ಸ್ತ್ರೀಯರಿಗೆ 65 ಮಿಲಿಗ್ರಾಂ ‘ಸಿ’ ಜೀವಸತ್ವ ಬೇಕು. ದೇಹವು ಇದನ್ನು ಬಹುಕಾಲ ಕೂಡಿಡಲಾರದು. ಸೀಬೆ, ನೆಲ್ಲಿ, ನುಗ್ಗೆಸೊಪ್ಪುಗಳಲ್ಲಿ ಇದು ಹೇರಳ. ಬಹಳ ಹೊತ್ತು ಕುದಿಸಿದರೆ ನಾಶವಾಗುತ್ತದೆ. ನೀರಿನಲ್ಲಿ ಕರಗುವುದರಿಂದ ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಬೇಕು.